ಹೊಸ ಮನೆಯ ಬರಿಯ ನೆಲಕ್ಕೆ ಮೊದಲನೆಯ ಬೆಳೆ

ಬೆಂಗಳೂರು ನಗರದ ಪಶ್ಚಿಮ ಭಾಗದಲ್ಲಿ, ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಿಂದ ಮೊದಲ್ಗೊಂಡು ಕೆಂಗೇರಿಯ ಸುತ್ತಣ ಹೊಸ ಬಡಾವಣೆಗಳವರೆಗೆ, ವರ್ಷಂಪ್ರತಿ ಅನೇಕ ಮನೆಗಳು ಏಳುತ್ತಿರುವುವು. ಗೃಹಪ್ರವೇಶವು ಮುಗಿದ ಕೂಡಲೆ ಮನೆಯ ಮುಂದಣ ಬರಿಯ ನೆಲವನ್ನು ಹಸುರು ಮಾಡಬೇಕೆಂಬ ಆಸೆಯು ಯಜಮಾನರಿಗೆ ಹುಟ್ಟುವುದು ಸಹಜವೇ ಸರಿ. ಒಂದು ಲಾರಿ ಕೆಂಪು ಮಣ್ಣನ್ನು ತರಿಸಿ, ನಾಲ್ಕು ಅಂಗುಲ ದಪ್ಪಕ್ಕೆ ಹರಡಿಸಿ, ಅದರ ಮೇಲೆ ಹುಲ್ಲಿನ ಹೆಂಟೆಗಳನ್ನು ಹಾಸಿ, ಅಂಚಿಗೆ ಗುಲಾಬಿ, ಕ್ರೋಟನ್, ದಾಸವಾಳಗಳನ್ನು ನೆಡಿಸುವುದು ಈಗಿನ ರೂಢಿ. ಎರಡು ತಿಂಗಳವರೆಗೆ ಈ ತೋಟವು ನೋಡುವವರ ಕಣ್ಣಿಗೆ ಹಬ್ಬವಾಗಿರುವುದು. ಮೂರನೆಯ ತಿಂಗಳಿನಲ್ಲಿ ದಾಸವಾಳದ ಎಳೆಯ ಎಲೆಗಳು ಹಳದಿಯಾಗುವುವು. ಹುಲ್ಲು ತೇಪೆ ತೇಪೆಯಾಗಿ ಕಂದುವುದು. ಬೇಸಗೆಯು ಬರುವಷ್ಟರಲ್ಲಿ ಮಣ್ಣು, ಹೆಂಟೆ, ಸಸಿ, ಕೂಲಿ ಇವುಗಳಿಗೆ ಮಾಡಿದ ವೆಚ್ಚವೆಲ್ಲವೂ ನೆಲದ ಪಾಲಾಗುವುದು. ಆಗ ಸಸಿ ಮಾರಿದವನನ್ನು ದೂರುವವರುಂಟು, ಬಿಸಿಲನ್ನು ದೂರುವವರುಂಟು, ಮನೆಯ ವಾಸ್ತುವನ್ನು ದೂರುವವರೂ ಉಂಟು. ಕಾರಣವು ಇವು ಯಾವುವೂ ಅಲ್ಲದೆ ಆ ನಾಲ್ಕು ಅಂಗುಲ ಮಣ್ಣಿನ ಕೆಳಗೆ ಅಡಗಿರುವುದು.

ಈ ನೆಲದ ಪೂರ್ವಸ್ಥಿತಿಯನ್ನು ತಿಳಿದರೆ ವಿಷಯವು ಸ್ಪಷ್ಟವಾಗುವುದು. 1945ರಲ್ಲಿ ನಗರ ಸುಧಾರಣಾ ಮಂಡಲಿಯು ಸ್ಥಾಪಿತವಾಯಿತು. 1949ರಲ್ಲಿ, ಆಗ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರಿನಲ್ಲಿ ರಾಜಾಜಿನಗರವು ಆರಂಭವಾಯಿತು. ಮಂಡಲಿಯ ಕೆಲಸವನ್ನು 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ವಹಿಸಿಕೊಂಡಿತು. ಕೆಂಗೇರಿ ಮತ್ತು ಮಾಗಡಿ ರಸ್ತೆಗಳ ನಡುವಣ ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ, ನಾಡಪ್ರಭು ಕೆಂಪೇಗೌಡ ಬಡಾವಣೆಗಳು ಈ ಪ್ರಾಧಿಕಾರದವು. ಕೇತಮಾರನಹಳ್ಳಿ, ಸಾಣೆಗೊರವನಹಳ್ಳಿ, ಅಗ್ರಹಾರ ದಾಸರಹಳ್ಳಿ ಮುಂತಾದ ಹೆಸರುಗಳು ಈಗ ರಸ್ತೆ ಮತ್ತು ಬಸ್ಸು ನಿಲ್ದಾಣಗಳ ಗುರುತಾಗಿ ಮಾತ್ರ ಉಳಿದಿದ್ದರೂ ಇವೆಲ್ಲವೂ ಒಂದು ಕಾಲಕ್ಕೆ ಒಕ್ಕಲಿನ ಗ್ರಾಮಗಳಾಗಿದ್ದುವು. ಈ ಸೀಮೆಯ ಹೊಲಗಳಲ್ಲಿ ರಾಗಿಯೂ, ಅದರ ಅಕ್ಕಡಿ ಸಾಲುಗಳಲ್ಲಿ ಅವರೆಯೂ, ಕಳಪೆ ನೆಲದಲ್ಲಿ ಹುರುಳಿಯೂ ಬೆಳೆಯುತ್ತಿದ್ದುವು. ಲಾಲ್‌ಬಾಗಿನ ಬಂಡೆಯಾಗಿ ಕಾಣುವ ಆ ಪುರಾತನ ಶಿಲಾಜಾತಿಯೇ ಯುಗಯುಗಗಳ ಬಿಸಿಲು ಮಳೆಗಳಿಂದ ಸವೆದು ಈ ಕೆಂಪು ನೆಲವಾಗಿರುವುದು. ಮೇಲಣ ಆರೇಳು ಅಂಗುಲಗಳಲ್ಲಿ ಮಾತ್ರ ತಲೆಮಾರುಗಳ ಕೊಟ್ಟಿಗೆ ಗೊಬ್ಬರವೂ, ಬೇರುಗಳೂ, ಎರೆಹುಳುಗಳೂ ಸೇರಿ ಅದನ್ನು ಮಣ್ಣೆಂದು ಕರೆಯಲು ಯೋಗ್ಯವಾಗಿ ಮಾಡಿದ್ದುವು. ಅದರ ಕೆಳಗೆ ಗಟ್ಟಿ ಜೇಡಿ, ಅದರ ಕೆಳಗೆ ಗರಸು, ತದನಂತರ ಶಿಲೆ.

ಮನೆ ಕಟ್ಟುವಾಗ ಈ ಕ್ರಮವು ತಲೆಕೆಳಗಾಗುವುದು. ತಳಹದಿಗಾಗಿ ನಾಲ್ಕೈದು ಅಡಿ ಅಗೆದಾಗ ಮೇಲ್ಮಣ್ಣು ಮೊದಲು ಬಂದು ರಾಶಿಯ ಅಡಿಗೆ ಬೀಳುವುದು. ಅಥವಾ ಮನೆಯ ಒಳನೆಲವನ್ನು ತುಂಬಲು ಹೋಗಿ ಕಲ್ಲುಹಾಸಿನ ಕೆಳಗೆ ಶಾಶ್ವತವಾಗಿ ಹೂತುಹೋಗುವುದು. ನಿಸ್ಸಾರವಾದ ಜೇಡಿಯೂ ಗರಸೂ ಅಂಗಳದ ಮೇಲೆ ಹರಡಲ್ಪಡುವುವು. ಅನಂತರ ಒಂದು ಒಂದೂವರೆ ವರ್ಷ ಅದೇ ಅಂಗಳದಲ್ಲಿ ಗಾರೆ ಕಲಸುವರು, ಜಲ್ಲಿ ಸುರಿಯುವರು, ಕಬ್ಬಿಣ ಕಡಿಯುವರು, ಲಾರಿಗಳು ನಿಲ್ಲುವುವು. ಕೊನೆಗೆ ಇಟ್ಟಿಗೆಯ ಚೂರು, ಸಿಮೆಂಟಿನ ಹೆಂಟೆ, ಸುಣ್ಣದ ತೊಳೆ, ಬಣ್ಣದ ಡಬ್ಬಿ, ಸೆಂಟ್ರಿಂಗಿನ ಮರದ ತುಂಡುಗಳೆಲ್ಲವನ್ನೂ ಒಂದೆಡೆ ಗುಡಿಸಿ, ಮೇಲೆ ಹಿಡಿಯಷ್ಟು ಮಣ್ಣನ್ನೆಳೆದು, ಮೇಸ್ತ್ರಿಯು ಅಂಗಳವನ್ನು ಸಮಮಾಡಿಕೊಟ್ಟು ಹೋಗುವನು. ಈ ನೆಲವು ಬರಿಯದಾಗಿ ಕಾಣುವುದಾದರೂ ವಾಸ್ತವದಲ್ಲಿ ಬರಿಯದಲ್ಲ, ಬೇಡವಾದುದರಿಂದ ತುಂಬಿರುವುದು.

ಇನ್ನೂ ತಳಹದಿಯನ್ನು ತೋಡಿಸದಿರುವ ಗೃಹಸ್ಥರಿಗೆ ಇಲ್ಲಿಯೇ ಒಂದು ಮಾತು. ಮೊದಲನೆಯ ದಿನವೇ ಮೇಲಣ ಅರ್ಧ ಅಡಿ ಮಣ್ಣನ್ನು ಪ್ರತ್ಯೇಕವಾಗಿ ಕೆರೆಸಿ, ನಿವೇಶನದ ಒಂದು ಮೂಲೆಯಲ್ಲಿ ರಾಶಿ ಹಾಕಿಸಿ, ಅದರ ಮೇಲೆ ಒಂದು ಹಿಡಿ ಹುರುಳಿಯನ್ನು ಚೆಲ್ಲಿಬಿಡತಕ್ಕುದು. ಎರಡಾಳಿನ ಒಂದು ದಿನದ ಕೂಲಿಯಲ್ಲಿ ಆಗುವ ಈ ಕೆಲಸವು ಮುಂದೆ ಲಾರಿ ಮಣ್ಣಿನಿಂದಲೂ ದೊರೆಯದ ಲಾಭವನ್ನು ಕೊಡುವುದು. ಜಾಗವಿಲ್ಲವೆಂಬ ಮೇಸ್ತ್ರಿಯ ಆಕ್ಷೇಪಣೆಗೆ ಮಣಿಯಬೇಕಾದುದಿಲ್ಲ. ಮರಳಿನ ರಾಶಿಗೆ ಜಾಗವಿರುವಲ್ಲಿ ಮಣ್ಣಿನ ರಾಶಿಗೂ ಜಾಗವಿರುವುದು.

ಸಿಮೆಂಟಿನ ದೋಷ :— ಈ ಪ್ರಾಂತದ ಕೆಂಪು ನೆಲವು ಸ್ವಭಾವತಃ ಸ್ವಲ್ಪ ಹುಳಿಯಾಗಿಯೋ ಅಥವಾ ಹುಳಿಯೂ ಕ್ಷಾರವೂ ಅಲ್ಲದ ಮಧ್ಯಮ ಸ್ಥಿತಿಯಲ್ಲಿಯೋ ಇರುವುದು. ಸಿಮೆಂಟು, ಸುಣ್ಣಗಳು ಅದಕ್ಕೆ ಬೆರೆತರೆ ಕ್ಷಾರವು ಏರುವುದು. ಇದರ ಪರಿಣಾಮವು ವಿಚಿತ್ರವಾದುದು. ಮಣ್ಣಿಗೆ ಕೆಂಪು ಬಣ್ಣವನ್ನು ಕೊಟ್ಟಿರುವುದೇ ಕಬ್ಬಿಣ. ಆದರೂ ಕ್ಷಾರವು ಹೆಚ್ಚಿದ ನೆಲದಲ್ಲಿ ಆ ಕಬ್ಬಿಣವು ನೀರಿನಲ್ಲಿ ಕರಗದೆ, ಬೇರಿಗೆ ಒದಗದೆ, ಗಿಡವು ಕಬ್ಬಿಣದ ನಡುವೆ ನಿಂತು ಕಬ್ಬಿಣಕ್ಕಾಗಿ ಹಸಿಯುವುದು. ಎಳೆಯ ಎಲೆಗಳ ನರಗಳು ಹಸುರಾಗಿಯೇ ಉಳಿದು ನಡುವಣ ಭಾಗವು ಹಳದಿಯಾಗುವುದು ಇದರ ಲಕ್ಷಣ. ದಾಸವಾಳ, ಗುಲಾಬಿ, ಕೇಪಳ ಮತ್ತು ನಿಂಬೆಯ ಜಾತಿಗಳಲ್ಲಿ ಇದು ಬೇಗನೆ ಕಾಣಿಸುವುದು. ಹಳದಿಯು ಮುದಿ ಎಲೆಗಳಿಂದ ಆರಂಭವಾದರೆ ಅದು ಸಾರಜನಕದ ಕೊರತೆ. ಎಳೆಯ ಎಲೆಗಳಿಂದ ಆರಂಭವಾದರೆ ಬಹುಮಟ್ಟಿಗೆ ಈ ಸಿಮೆಂಟಿನ ದೋಷ. ಈ ಭೇದವನ್ನರಿಯದೆ ಹಳದಿ ಕಂಡೊಡನೆ ಯೂರಿಯಾವನ್ನು ಎರಚುವುದು ನಿಷ್ಪ್ರಯೋಜಕವು.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಕಾಗಿಲ್ಲ. ಅಂಗಳದ ನಾಲ್ಕೈದು ಕಡೆಗಳಲ್ಲಿ ಅರ್ಧ ಅಡಿ ಆಳದಿಂದ ಹಿಡಿ ಹಿಡಿ ಮಣ್ಣನ್ನು ತೆಗೆದು ಪಿಂಗಾಣಿ ಬಟ್ಟಲಿನಲ್ಲಿಟ್ಟು ಅದರ ಮೇಲೆ ವಿನೆಗರನ್ನಾಗಲಿ ನಿಂಬೆಯ ರಸವನ್ನಾಗಲಿ ಹನಿಸಬೇಕು. ನೊರೆ ಬಂದು ಸುಸ್ಸೆಂದರೆ ಅಲ್ಲಿ ಸುಣ್ಣವು ಬೆರೆತಿರುವುದೆಂದು ತಿಳಿಯಬೇಕು. ನಿಷ್ಕೃಷ್ಟವಾಗಿ ತಿಳಿಯಬೇಕಾದವರು ಮಣ್ಣು ಪರೀಕ್ಷೆಯ ಪ್ರಯೋಗಶಾಲೆಗೆ ಮಾದರಿಯನ್ನು ಕಳುಹಿಸಬಹುದು. ಎರಡನೆಯ ಪರೀಕ್ಷೆಯು ಇದಕ್ಕಿಂತಲೂ ಮುಖ್ಯವಾದುದು. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿಯನ್ನು ತೋಡಿ ಸಂಜೆ ನೀರು ತುಂಬಿಸಿಡಬೇಕು. ಬೆಳಗ್ಗೆ ನೀರು ಇನ್ನೂ ನಿಂತಿದ್ದರೆ ನೆಲವು ಲಾರಿ ಮತ್ತು ಕಾಲ್ತುಳಿತಗಳಿಂದ ಕಲ್ಲಿನಂತೆ ಬಿಗಿದಿರುವುದೆಂದೂ, ಮೇಲೆ ಎಷ್ಟು ಒಳ್ಳೆಯ ಮಣ್ಣನ್ನು ಹರಡಿದರೂ ಬೇರುಗಳು ಆ ಬಿಗಿಯ ಮೇಲೆ ಬಾಣಲೆಯಲ್ಲಿದ್ದಂತೆ ಇರುವುವೆಂದೂ ಅರ್ಥ. ಮಳೆಗಾಲದಲ್ಲಿ ಅವು ಕೊಳೆಯುವುವು, ಬೇಸಗೆಯಲ್ಲಿ ಸೀಯುವುವು.

ಆದುದರಿಂದ ಮೊದಲ ಕೆಲಸವು ಅಗತೆ. ಮನೆಗಳ ಪ್ರವೇಶವು ಸಾಧಾರಣವಾಗಿ ಮಾಘದಿಂದ ವೈಶಾಖದೊಳಗೆ ನಡೆಯುವುದರಿಂದ ಬೇಸಗೆಯ ದಿನಗಳು ಇದಕ್ಕೆ ತಾವಾಗಿಯೇ ಒದಗುವುವು. ಒಂದೂವರೆ ಅಡಿ ಆಳಕ್ಕೆ ಹಾರೆಯಿಂದ ಎಬ್ಬಿಸಿ, ಗಾರೆಯ ಹೆಂಟೆ, ಸುಣ್ಣದ ಗಟ್ಟಿ, ಬಣ್ಣ ಸುರಿದ ಮಣ್ಣು ಇವನ್ನು ಪೂರ್ತಿಯಾಗಿ ಹೊರಗೆ ಸಾಗಿಸಬೇಕು. ಚೆನ್ನಾಗಿ ಬೆಂದ ಇಟ್ಟಿಗೆಯ ಸಣ್ಣ ಚೂರುಗಳು, ಗಾರೆ ಅಂಟಿಕೊಂಡಿಲ್ಲದಿದ್ದರೆ, ಅಷ್ಟೇನೂ ಬಾಧಕವಲ್ಲ. ಅವು ಜೇಡಿಯನ್ನು ಸಡಿಲವಾಗಿಡಲು ಸಹಾಯವೇ ಆಗುವುವು. ಮರದ ತುಂಡು, ಸರ್ವೆಯ ಗೂಟಗಳ ಬುಡ, ಗೋಣಿಚೀಲ ಇವುಗಳಲ್ಲಿ ಒಂದನ್ನೂ ನೆಲದಲ್ಲಿ ಬಿಡಕೂಡದು. ಗೆದ್ದಲು ಅಲ್ಲಿ ನೆಲೆಯೂರಿ ತರುವಾಯ ಬಾಗಿಲ ಚೌಕಟ್ಟಿಗೆ ದಾರಿ ಮಾಡಿಕೊಳ್ಳುವುದು. ಹೀಗೆ ಅಗೆದ ನೆಲವನ್ನು ಹೆಂಟೆಗಳಾಗಿಯೇ ಮೂರು ನಾಲ್ಕು ವಾರ ಬಿಸಿಲಿಗೆ ಬಿಡತಕ್ಕುದು.

ಗೆದ್ದಲಿನ ಪ್ರಸ್ತಾಪವು ಬಂದುದರಿಂದ ಇನ್ನೊಂದನ್ನು ಹೇಳಬೇಕಾಗಿದೆ. ಈಚಿನ ಮನೆಗಳಲ್ಲಿ ತಳಹದಿಯ ಸುತ್ತಲೂ ಗೆದ್ದಲಿನ ನಿವಾರಣೆಗಾಗಿ ವಿಷದ್ರಾವಣವನ್ನು ಮಣ್ಣಿಗೆ ಉಣಿಸುವುದು ಸಾಮಾನ್ಯವಾಗಿದೆ. ಅಂಥ ಗೋಡೆಯಿಂದ ಮೂರು ಅಡಿಗಳೊಳಗೆ ಸೊಪ್ಪು, ಗಡ್ಡೆ, ತರಕಾರಿಗಳನ್ನು ಬೆಳೆಯಕೂಡದು. ಅಲ್ಲಿ ಹೂವಿನ ಗಿಡಗಳಿರಲಿ. ಅಲ್ಲಿಯ ಮಣ್ಣನ್ನು ಆಳವಾಗಿ ಅಗೆದು ಬೇರೆಡೆಗೆ ಹರಡುವುದೂ ಸರಿಯಲ್ಲ.

ಹೊರಗಿನ ಮಣ್ಣು :— ಅಗೆದು ಕಸ ತೆಗೆದ ಮೇಲೆ ನೆಲವು ತಗ್ಗಾಗುವುದರಿಂದ ಸ್ವಲ್ಪ ಮಣ್ಣನ್ನು ಕೊಳ್ಳಬೇಕಾಗುವುದು. ಕೆಂಪು ಮಣ್ಣೆಂದು ಮಾರುವುದರಲ್ಲಿ ಬಹುಭಾಗವು ಯಾವುದೋ ತಳಹದಿಯ ಗುಂಡಿಯಿಂದ ಬಂದ ಗರಸೇ ಆಗಿರುವುದು. ಅಂಗಳದಲ್ಲಿ ಈಗಾಗಲೇ ಇರುವ ಪದಾರ್ಥವನ್ನೇ ಹಣ ಕೊಟ್ಟು ಮತ್ತಷ್ಟು ತಂದಂತೆ. ಅಂಗೈಯಲ್ಲಿ ಒದ್ದೆಮಾಡಿ ಉಂಡೆ ಕಟ್ಟಿ ನೋಡಬೇಕು. ಉಂಡೆಯು ನಿಂತು, ಬೆರಳಿನಿಂದ ಒತ್ತಿದರೆ ಪುಡಿಯಾಗುವುದು ಒಳ್ಳೆಯದು; ಮೇಣದಂತೆ ಅಂಟುವುದೂ, ಉಂಡೆಯೇ ಕಟ್ಟದಿರುವುದೂ ಬೇಡ. ಜೇಕಿನ ಗಡ್ಡೆಗಳಿರುವ ಮಣ್ಣನ್ನು ಹಿಂದಕ್ಕೆ ಕಳುಹಿಸತಕ್ಕುದು. ಒಮ್ಮೆ ಜೇಕು ಹೊಕ್ಕ ಅಂಗಳದಲ್ಲಿ ಅದನ್ನು ಕೀಳುವುದು ವರ್ಷಗಟ್ಟಳೆಯ ಉದ್ಯೋಗವಾಗುವುದು.

ಕೆಂಗೇರಿಯ ಕಡೆಯವರು ವಿಶೇಷವಾಗಿ ಎಚ್ಚರವಾಗಿರಬೇಕಾದ ಒಂದು ಅಂಶವುಂಟು. ಹಳ್ಳಿಗಳಲ್ಲಿ ಕೆರೆಯ ಗೋಡು ಉತ್ತಮವಾದ ಗೊಬ್ಬರವೆಂಬುದು ನಿಜ. ಆ ನಂಬಿಕೆಯಿಂದ ವೃಷಭಾವತಿಯ ದಡದ ಕಪ್ಪು ಹೂಳನ್ನು ತೋಟಕ್ಕೆ ತರಿಸುವುದು ತಪ್ಪು. ಈ ನದಿಯು ನಗರದ ಪಶ್ಚಿಮ ಭಾಗದ ಕೊಳಚೆಯನ್ನೂ ಕೈಗಾರಿಕೆಗಳ ವಿಸರ್ಜನೆಯನ್ನೂ ಹೊತ್ತು ಮೈಸೂರು ರಸ್ತೆಯ ಉದ್ದಕ್ಕೂ ಹರಿದು ಕೆಂಗೇರಿಯನ್ನು ದಾಟಿ ಮುಂದೆ ಅರ್ಕಾವತಿಯನ್ನು ಸೇರುವುದು. ಅದರ ನೀರಿನಲ್ಲಿಯೂ ಹೂಳಿನಲ್ಲಿಯೂ ಭಾರವಾದ ಲೋಹಗಳ ಅಂಶವಿರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಇವು ಸೊಪ್ಪು ತರಕಾರಿಗಳ ಮೂಲಕ ಊಟದ ಎಲೆಗೆ ಬರತಕ್ಕವು; ಒಮ್ಮೆ ಅಂಗಳದ ಮಣ್ಣಿಗೆ ಸೇರಿದರೆ ಹೊರಹೋಗತಕ್ಕವಲ್ಲ. ಹೂಳಿನ ಕಪ್ಪು ಬಣ್ಣವು ಸಾರದ ಗುರುತೆಂದು ಭಾವಿಸಕೂಡದು.

ಹುರುಳಿಯ ಬೆಳೆ :— ಇಷ್ಟಾದ ಮೇಲೆಯೂ ಗುಲಾಬಿಯನ್ನು ನೆಡುವ ಕಾಲವು ಬಂದಿಲ್ಲ. ಹೊಸ ಮನೆಯ ನೆಲಕ್ಕೆ ಮೊದಲನೆಯ ಬೆಳೆಯು ಹುರುಳಿ. ಅಲಸಂದೆಯೂ ಆಗಬಹುದು, ಅಪ್ಸೆಣಬೂ ಆಗಬಹುದು. ಆದರೆ ಗರಸಿನಲ್ಲಿಯೂ, ಅರೆತೇವದಲ್ಲಿಯೂ, ಆರೈಕೆಯಿಲ್ಲದೆಯೂ ಬರುವುದರಲ್ಲಿ ಹುರುಳಿಗೆ ಸಮಾನವಾದುದು ವಿರಳ. ಈ ಸೀಮೆಯ ರೈತರು ಅದನ್ನು ಧಾನ್ಯಕ್ಕಾಗಿ ಹಿಂಗಾರಿನಲ್ಲಿ ಬಿತ್ತುವರಾದರೂ ಗೊಬ್ಬರಕ್ಕಾಗಿ ಮುಂಗಾರಿನಲ್ಲಿ ಬಿತ್ತಲು ಅಡ್ಡಿಯಿಲ್ಲ. ಆಗ ಹಗಲು ದೀರ್ಘವಾಗಿರುವುದರಿಂದ ಹೂವು ತಡವಾಗಿ ಎಲೆಬಳ್ಳಿಯು ಹುಲುಸಾಗುವುದು. ಇಲ್ಲಿ ಬೇಕಾದುದೂ ಅದೇ.

ಬೇಸಗೆಯ ಅಂತ್ಯದಲ್ಲಿ, ಕೃತ್ತಿಕೆಯ ಮಳೆ ಬಿದ್ದು ಹೆಂಟೆಗಳು ನೆನೆದೊಡನೆ ಅವನ್ನು ಒಡೆದು, 100 ಚದರಡಿಗೆ 50 ಕಿಲೋಗ್ರಾಂನಂತೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನಾಗಲಿ ಎಲೆಗೊಬ್ಬರವನ್ನಾಗಲಿ ಬೆರೆಸಬೇಕು. ರೋಹಿಣಿಯಲ್ಲಿ, ಅಂದರೆ ಮೇ ತಿಂಗಳ ಕೊನೆಯ ವಾರದಿಂದ, 300 ಚದರಡಿಗೆ ಕಾಲು ಕಿಲೋಗ್ರಾಂ ಹುರುಳಿಯನ್ನು ಚೆಲ್ಲಿ ಕುಂಟಾಣಿಯಿಂದ ಮಣ್ಣು ಮುಚ್ಚಿದರೆ ಸಾಕು. ಅಂಗಡಿಯಲ್ಲಿ ಅಡಿಗೆಗೆಂದು ಮಾರುವ ಇಡಿಯ ಹುರುಳಿಯೇ ಮೊಳೆಯುವುದು. ಬೇರೆ ಬೀಜವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹತ್ತು ದಿನಗಳೊಳಗೆ ಅಂಗಳವು ಹಸುರಾಗುವುದು. ಹಸುರಿಗಾಗಿ ಆತುರಪಡುವ ಮನೆಯವರಿಗೂ ಸಮಾಧಾನವಾಗುವುದು; ನೆರೆಯವರು ನಗುವುದಾದರೆ ಎರಡು ತಿಂಗಳು ಮಾತ್ರ.

ನೆಲದೊಳಗೆ ಈ ಅವಧಿಯಲ್ಲಿ ನಡೆಯುವ ಕೆಲಸವು ಯಾವ ಕೂಲಿಗೂ ಸಾಧ್ಯವಾದುದಲ್ಲ. ಹುರುಳಿಯ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವುವು. ಬೇರುಗಳು ಜೇಡಿಯೊಳಗೆ ಇಳಿದು ಸತ್ತಾಗ ಅವು ಬಿಟ್ಟುಹೋದ ಸಣ್ಣ ಬಿಲಗಳ ಮೂಲಕ ಗಾಳಿಯೂ ನೀರೂ ಒಳಹೊಗುವುವು. ಎಲೆಯ ಹೊದಿಕೆಯು ಮಳೆಯ ಹೊಡೆತವನ್ನು ತಡೆದು ನೆಲವು ಹೆಪ್ಪುಗಟ್ಟದಂತೆ ಕಾಪಾಡುವುದು. ಖಾಲಿ ನಿವೇಶನಗಳಿಂದ ಹಾರಿಬರುವ ಪಾರ್ಥೇನಿಯಮ್ ಕಳೆಗೂ ಎಡೆಯಿಲ್ಲದಂತೆ ಮಾಡುವುದು. ಸಸ್ಯವು ಕೊಳೆಯುವಾಗ ಹುಟ್ಟುವ ಮೃದುವಾದ ಆಮ್ಲಗಳು ಸಿಮೆಂಟಿನ ಕ್ಷಾರವನ್ನು ಕ್ರಮೇಣ ತಗ್ಗಿಸುವುವು. ಇವೆಲ್ಲಕ್ಕಿಂತಲೂ ಉಪಯುಕ್ತವಾದ ಪ್ರಯೋಜನವೊಂದುಂಟು. ಹುರುಳಿಯು ಅಂಗಳದ ನಕ್ಷೆಯನ್ನು ಬರೆದು ತೋರಿಸುವುದು. ಎಲ್ಲಿ ಅದು ಮೊಣಕಾಲೆತ್ತರ ಹಬ್ಬುವುದೋ ಅಲ್ಲಿ ನೆಲವು ಸರಿಯಾಗಿರುವುದು. ಎಲ್ಲಿ ಹಳದಿಯಾಗಿ ಗಿಡ್ಡವಾಗಿ ನಿಲ್ಲುವುದೋ ಅಲ್ಲಿ ಗಾರೆಯ ಗುಂಡಿಯು ಕೆಳಗಿರುವುದು. ಎಲ್ಲಿ ಬುಡ ಕೊಳೆತು ಮಲಗುವುದೋ ಅಲ್ಲಿ ನೀರು ನಿಲ್ಲುವುದು. ಆ ಜಾಗಗಳಿಗೆ ಗೂಟ ಹೊಡೆದು ಗುರುತುಮಾಡಿ ಅಷ್ಟನ್ನೇ ಮತ್ತೆ ಅಗೆಸಿದರೆ ಸಾಕು. ಕಾಲು ಕಿಲೋ ಹುರುಳಿಯ ಬೆಲೆಗೆ ಇಂಥ ಪರೀಕ್ಷೆಯು ಬೇರೆಲ್ಲಿಯೂ ದೊರೆಯದು.

ಏಳು ಎಂಟು ವಾರಗಳ ತರುವಾಯ, ಕಾಯಿಕಟ್ಟುವುದಕ್ಕೆ ಮೊದಲೇ, ಪುಷ್ಯದ ಮಳೆಯ ಸುಮಾರಿಗೆ ಬಳ್ಳಿಯನ್ನು ಕತ್ತರಿಸಿ ಅಲ್ಲಿಯೇ ಅರ್ಧ ಅಡಿ ಆಳಕ್ಕೆ ಹೂತು ಎರಡು ಮೂರು ವಾರ ಕಳಿಯಲು ಬಿಡಬೇಕು. ಹಸಿಯದು ಕಳಿಯುತ್ತಿರುವಾಗಲೇ ಸಸಿ ನೆಟ್ಟರೆ ಬೇರಿಗೆ ಬಾಧಕವಾಗುವುದು. ಮಖೆ ಹುಬ್ಬೆಗಳ ವೇಳೆಗೆ, ಎಂದರೆ ಆಗಸ್ಟ್ ಉತ್ತರಾರ್ಧದಿಂದ, ನೆಲವು ನಾಟಿಗೆ ಸಿದ್ಧ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಸುಮಾರು 38 ಅಂಗುಲ ಮಳೆಯಲ್ಲಿ ಸೆಪ್ಟೆಂಬರ್ ಅಕ್ಟೋಬರುಗಳ ಪಾಲೇ ಅಧಿಕವಾದುದರಿಂದ ಆಗ ನೆಟ್ಟ ಗಿಡಗಳಿಗೆ ಬೇರೂರಲು ಎರಡೂವರೆ ತಿಂಗಳ ತೇವವು ಖರ್ಚಿಲ್ಲದೆ ದೊರೆಯುವುದು. ಜೂನಿನ ಗಾಳಿಯ ಹೊಡೆತವೂ ಅಷ್ಟರಲ್ಲಿ ಕಡಿಮೆಯಾಗುತ್ತ ಬಂದಿರುವುದು.

ನೀರಿನ ಲೆಕ್ಕ :— ಏನನ್ನು ನೆಡಬೇಕೆಂಬುದನ್ನು ಅಂದಕ್ಕಿಂತ ಮೊದಲು ನೀರು ನಿರ್ಣಯಿಸುವುದು. 2023ರ ಮುಂಗಾರು ಕೈಕೊಟ್ಟ ತರುವಾಯ 2024ರ ಮಾರ್ಚಿಯಲ್ಲಿ ನಗರದ ನೀರು ಸರಬರಾಜು ಮಂಡಲಿಯು ಕುಡಿಯುವ ನೀರನ್ನು ಕೈತೋಟಕ್ಕೆ ಹಾಯಿಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು; 2025ರ ಫೆಬ್ರವರಿಯಲ್ಲಿಯೂ ಅಂಥದೇ ಆಜ್ಞೆಯು ಹೊರಟಿತು. ಹುಲ್ಲುಹಾಸಿನ ಬೇಡಿಕೆಯನ್ನು ಇದರೊಡನೆ ಹೋಲಿಸಿ ನೋಡಬೇಕು. ಬೇಸಗೆಯಲ್ಲಿ ದಿನಕ್ಕೆ 5 ಮಿಲಿಮೀಟರಿನಷ್ಟು ನೀರು ನೆಲದಿಂದಲೂ ಎಲೆಯಿಂದಲೂ ಆವಿಯಾಗುವುದೆಂದಿಟ್ಟುಕೊಂಡರೆ 200 ಚದರಡಿ ಹುಲ್ಲಿಗೆ ದಿನವಹಿ 93 ಲೀಟರು ಬೇಕಾಗುವುದು. ನಗರವಾಸಿಯೊಬ್ಬನ ಸಮಸ್ತ ಗೃಹಕೃತ್ಯಗಳಿಗೂ ಸೇರಿ ದಿನಕ್ಕೆ 135 ಲೀಟರೆಂದು ಅಂದಾಜು ಮಾಡಿರುವಾಗ, ಆ ತುಂಡು ಹುಲ್ಲು ಒಬ್ಬ ಮನುಷ್ಯನ ಪಾಲಿನ ಮೂರನೆಯ ಎರಡು ಭಾಗವನ್ನು ಕುಡಿಯತಕ್ಕ ಅತಿಥಿಯಾಗಿರುವುದು. ಹುಲ್ಲೇ ಬೇಕೆನ್ನುವವರು ನಮ್ಮ ನಾಡಿನ ಗರಿಕೆಯನ್ನು ಬೆಳೆಸಬಹುದು. ಅದು ಬೇಸಗೆಯಲ್ಲಿ ಒಣಗಿದಂತೆ ಕಂಡರೂ ಸಾಯದೆ ಮೊದಲ ಮಳೆಗೆ ಚಿಗುರುವುದು; ಗಣಪತಿಯ ಪೂಜೆಗೂ ಒದಗುವುದು.

ಇನ್ನು ಆದಾಯದ ಕಡೆ. 800 ಚದರಡಿ ತಾರಸಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 1,880 ಲೀಟರುಗಳಷ್ಟಾಗುವುದು. ನಷ್ಟವನ್ನು ಕಳೆದು 1,500 ಲೀಟರುಗಳಿಗೆ ಕಡಿಮೆಯಿಲ್ಲ. 1,200 ಚದರಡಿ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳ ಹೊಸ ಮನೆಗಳಿಗೆ ಮಳೆನೀರಿನ ಸಂಗ್ರಹವು 2009ರ ತಿದ್ದುಪಡಿಯಿಂದ ಕಡ್ಡಾಯವಾಗಿಯೇ ಇದೆ. ಕಾನೂನಿನ ತೃಪ್ತಿಗಾಗಿ ಒಂದು ಕೊಳವೆಯನ್ನಿಳಿಸಿ ಚರಂಡಿಗೆ ಬಿಡುವುದಕ್ಕಿಂತ, ತೊಟ್ಟಿ ತುಂಬಿ ಹೆಚ್ಚಾದ ನೀರನ್ನು ತೋಟದ ತಗ್ಗು ಮೂಲೆಯ ಇಂಗುಗುಂಡಿಗೆ ತಿರುಗಿಸಿ, ಅದರ ಬಳಿ ಬಾಳೆಯನ್ನೂ ಕಾಬಾಳೆಯನ್ನೂ ನೆಡುವುದು ಲೇಸು. ಜಯನಗರದಲ್ಲಿ ಮಂಡಲಿಯು ನಡೆಸುವ ಮಳೆನೀರಿನ ಮಾದರಿ ಕೇಂದ್ರವನ್ನು ಒಮ್ಮೆ ನೋಡಿಬಂದರೆ ಮೇಸ್ತ್ರಿಗೆ ತಿಳಿಯಹೇಳುವುದು ಸುಲಭವಾಗುವುದು. ಅಂಗಳವನ್ನೆಲ್ಲ ಕಲ್ಲು ಹಾಸಿ ಮುಚ್ಚಿದವರಿಗೆ ಈ ಮಾತು ಯಾವುದೂ ಅನ್ವಯಿಸದು. ಅವರ ಮಳೆಯು ರಸ್ತೆಯ ಪಾಲು. ತರಕಾರಿ ತೊಳೆದ ನೀರು ಎಲ್ಲ ಗಿಡಕ್ಕೂ ಆಗುವುದು. ಬಟ್ಟೆ ಒಗೆದ ಸಾಬೂನಿನ ನೀರಿನಲ್ಲಿ ಸೋಡಿಯಂ ಅಧಿಕವಾಗಿದ್ದು ಅದೂ ಕ್ಷಾರವನ್ನೇ ಹೆಚ್ಚಿಸುವುದರಿಂದ, ಕೊನೆಯ ಸಲ ಜಾಲಿಸಿದ ತಿಳಿನೀರನ್ನು ಮಾತ್ರ ಬಾಳೆಗೂ ಹೂವಿನ ಗಿಡಗಳಿಗೂ ಬಿಡಬೇಕು. ಸೊಪ್ಪಿನ ಮಡಿಗೆ ಕೂಡದು.

ಬಿಸಿಲು :— ಬಡಾವಣೆಯ ನಿವೇಶನಗಳು ಹೆಚ್ಚಾಗಿ 30 ಅಡಿಗೆ 40 ಅಡಿಯವು. ಮನೆಯು ಎದ್ದ ಮೇಲೆ ಉಳಿಯುವುದು ಮುಂದೆ ನಾಲ್ಕೈದು ಅಡಿ, ಪಕ್ಕದಲ್ಲಿ ಮೂರಡಿಯ ಓಣಿ. ಅಕ್ಕಪಕ್ಕದ ಮನೆಗಳು ಮೂರು ಅಂತಸ್ತಿನವಾದರೆ ಬಿಸಿಲು ಅಲ್ಲಲ್ಲಿ ಇಣಿಕಿ ಹೋಗುವುದಷ್ಟೆ. ಉತ್ತರ ದಿಕ್ಕಿಗೆ ಬಿಸಿಲೇ ಬೀಳದೆಂಬ ಸಾಮಾನ್ಯ ನಂಬಿಕೆಯು ಬೆಂಗಳೂರಿಗೆ ಪೂರ್ತಿಯಾಗಿ ಹೊಂದದು. ಈ ಊರು 13ನೆಯ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಗಿಂತ ಉತ್ತರಕ್ಕೆ ಇರುವನು. ಉಳಿದ ಕಾಲ ದಕ್ಷಿಣಕ್ಕೆ. ಹುರುಳಿ ಬೆಳೆಯುವ ದಿನಗಳಲ್ಲಿ ಕಂಡ ಬಿಸಿಲನ್ನೇ ನಂಬಿ ಉತ್ತರದ ಅಂಗಳಕ್ಕೆ ಗುಲಾಬಿ ಹಾಕಿದರೆ ಮಾರ್ಗಶಿರದಲ್ಲಿ ಅದು ನೆರಳಿನಲ್ಲಿ ಸೊರಗುವುದು. ಅಲ್ಲಿಗೆ ಒಂದೆಲಗ, ದೊಡ್ಡಪತ್ರೆ, ಜರಿಗಿಡಗಳು ತಕ್ಕವು. ಪಶ್ಚಿಮದ ಗೋಡೆಯು ಫಾಲ್ಗುಣ ಚೈತ್ರಗಳಲ್ಲಿ ಸಂಜೆಯವರೆಗೆ ಕಾಯ್ದು ರಾತ್ರಿಯೆಲ್ಲ ಕೋಣೆಯನ್ನು ಬಿಸಿಮಾಡುವುದರಿಂದ ಅಲ್ಲಿ ಚಪ್ಪರವೊಂದನ್ನು ಕಟ್ಟಿ ಮಲ್ಲಿಗೆ, ಚಪ್ಪರದವರೆ, ಹಾಗಲಗಳನ್ನು ಹಬ್ಬಿಸಿದರೆ ಗೋಡೆಯೂ ತಣ್ಣಗಿರುವುದು, ಅಡಿಗೆಮನೆಗೂ ಆದಾಯವುಂಟು.

ಗಿಡಗಳ ಆಯ್ಕೆಯಲ್ಲಿ ದೀರ್ಘವಾಗಿ ಹೇಳಬೇಕಾದುದಿಲ್ಲ. ಒಳ್ಳೆಯ ಮಣ್ಣಿನಲ್ಲಿ ಬಹುಮಟ್ಟಿಗೆ ಎಲ್ಲವೂ ಬರುವುವು. ಕರಿಬೇವು, ನಿಂಬೆ, ದಾಳಿಂಬೆ, ಸೀಬೆ, ಪಾರಿಜಾತ, ನಂದಿಬಟ್ಟಲು, ದಾಸವಾಳ ಇವು ಸವರಿದಂತೆ ಇರುವ, ಚಿಕ್ಕ ಅಂಗಳಕ್ಕೆ ಹೊಂದುವ ಗಿಡಗಳು. ಬೇಗನೆ ನೆರಳು ಬೇಕಾದರೆ ಪರಂಗಿಯನ್ನು ಹಾಕಬಹುದು. ಒಂದು ವರ್ಷದೊಳಗೆ ಹಣ್ಣನ್ನೂ ಕೊಡುವುದು, ಬೇಡವಾದಾಗ ತೆಗೆಯುವುದೂ ಸುಲಭ. ಕಣಗಿಲೆಯ ಸರ್ವಾಂಗವೂ ವಿಷವಾದುದರಿಂದ ಮಕ್ಕಳಿರುವ ಮನೆಯಲ್ಲಿ ಅದು ಬೇಡ. ಪ್ಲಾಸ್ಟಿಕ್ ಚೀಲದ ಸಸಿಯನ್ನು ಕೊಳ್ಳುವಾಗ ಚೀಲದ ಬುಡವನ್ನು ನೋಡತಕ್ಕುದು. ಬೇರು ಸುರುಳಿ ಸುತ್ತಿ ಹೊರಬಂದಿದ್ದರೆ ಆ ಸಸಿಯು ಮುದಿಯಾಗಿರುವುದು. ನೆಟ್ಟ ಮೇಲೂ ಆ ಸುರುಳಿಯೊಳಗೇ ಬೇರು ತಿರುಗುವುದು. ಮಣ್ಣಿಗೆ ಅಂಟಿರುವ ಆಫ್ರಿಕದ ದೊಡ್ಡ ಬಸವನಹುಳುವಿನ ಮೊಟ್ಟೆಗಳಿಗಾಗಿಯೂ ನೋಡಬೇಕು. ಎಷ್ಟು ಜಾಗ್ರತೆಯಿಂದ ಅಗೆದಿದ್ದರೂ ಅಲ್ಲಲ್ಲಿ ಹಳದಿಯು ಕಂಡರೆ, ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನು ಕರಗಿಸಿ, ಕೆಲವು ಹನಿ ನಿಂಬೆಯ ರಸವನ್ನು ಸೇರಿಸಿ, ಸಂಜೆಯ ಹೊತ್ತು ಎಲೆಗಳಿಗೆ ಸಿಂಪಡಿಸುವುದು ತತ್ಕಾಲದ ಪರಿಹಾರ.

ಮರದ ವಿಷಯದಲ್ಲಿ ಮಾತ್ರ ಅವಸರವು ಅಪಾಯಕರ. ಲಾಲ್‌ಬಾಗಿನ ಅಧಿಕಾರಿಯಾಗಿದ್ದ ಕ್ರುಂಬಿಗಲ್ ಅವರು ವರ್ಷದ ಎಲ್ಲ ಕಾಲದಲ್ಲಿಯೂ ಒಂದಲ್ಲ ಒಂದು ಹೂವಿರುವಂತೆ ಈ ನಗರದ ರಸ್ತೆಗಳಿಗೆ ಮರಗಳನ್ನು ಆರಿಸಿದರು. ಆದರೆ ಅವು ರಸ್ತೆಗೆ ತಕ್ಕ ಮರಗಳು. ರಸ್ತೆಯ ಬದಿಯಲ್ಲಿ ಕಂಡ ಅಂದವನ್ನು ಐದಡಿಯ ಅಂಗಳಕ್ಕೆ ತರಲಾಗದು. ಕೆಂಗೇರಿಯಿಂದ ಮುಂದೆ ಕೇತೋಹಳ್ಳಿಯ ದೊಡ್ಡ ಆಲದ ಮರವು ಸುಮಾರು 3 ಎಕರೆಗಳಷ್ಟು ಹಬ್ಬಿರುವುದನ್ನು ನೋಡಿದವರು ಆಲ, ಅರಳಿ, ಅತ್ತಿ, ಗೋಣಿಗಳ ಸಂತತಿಯನ್ನು, ಅಂದವಾದ ಕುಂಡದಲ್ಲಿ ಮಾರುತ್ತಿದ್ದರೂ, ನೀರಿನ ತೊಟ್ಟಿಯ ಬಳಿ ನೆಡಲಾರರು. ಅವುಗಳ ಬೇರು ತೇವವನ್ನರಸಿಕೊಂಡು ತೊಟ್ಟಿಯ ಬಿರುಕನ್ನೂ ಚರಂಡಿಯ ಕೀಲನ್ನೂ ಹೊಗುವುದು. ಸಂಪಿಗೆಯೂ ದೊಡ್ಡ ಮರವಾಗುವುದೆಂಬುದನ್ನು ಮರೆಯುವವರು ಬಹಳ. ತೆಂಗಿನ ಬೇರು ಕಟ್ಟಡಕ್ಕೆ ಅಷ್ಟು ಹಾನಿಯನ್ನು ಮಾಡದಿದ್ದರೂ ಕಾಯಿಯು ಯಾರ ತಲೆಯ ಮೇಲೆ, ಯಾರ ಮೋಟಾರಿನ ಮೇಲೆ ಬೀಳುವುದೆಂಬುದನ್ನು ಎಣಿಸಬೇಕು. 1976ರ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ, ಕೆಲವು ಜಾತಿಗಳನ್ನು ಬಿಟ್ಟು, ಸ್ವಂತ ಅಂಗಳದ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ನೆಡುವುದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲದಿರುವುದೇ ತೊಡಕು. ಮರವೇ ಬೇಕೆನ್ನುವವರು ರಸ್ತೆಯ ಬದಿಯಲ್ಲಿ ತಂತಿಗಳಿಲ್ಲದ ಕಡೆ ಹೊಂಗೆಯನ್ನು ನೆಡಲು ಸಂಬಂಧಪಟ್ಟ ಕಚೇರಿಯನ್ನು ಕೇಳಬಹುದು.

ನಾಟಿಯಾದ ಮೊದಲ ಬೇಸಗೆಯೇ ನಿಜವಾದ ಪರೀಕ್ಷೆ. ಕಾರ್ತಿಕದಲ್ಲಿ ಮಳೆ ಹಿಂಜರಿದೊಡನೆ, ನೆಲದ ತೇವವು ಆರುವುದಕ್ಕೆ ಮೊದಲು, ಒಣಗಿದ ಎಲೆ, ತೆಂಗಿನ ನಾರು, ಹುಲ್ಲು ಇವುಗಳಿಂದ ಬುಡಗಳನ್ನು ಮೂರು ಅಂಗುಲ ದಪ್ಪಕ್ಕೆ ಮುಚ್ಚಬೇಕು; ಕಾಂಡಕ್ಕೆ ಮಾತ್ರ ತಗಲದಂತಿರಲಿ. ರಸ್ತೆಯಲ್ಲಿ ಗುಡಿಸಿ ಸುಡುವ ಎಲೆಯೇ ಇದಕ್ಕೆ ಸಾಕಾಗುವುದು. ದಿನವೂ ಸ್ವಲ್ಪ ಸ್ವಲ್ಪ ಚಿಮುಕಿಸುವುದರಿಂದ ಬೇರು ಮೇಲೆಯೇ ಉಳಿಯುವುದು; ಆದಕಾರಣ ನಾಲ್ಕೈದು ದಿನಗಳಿಗೊಮ್ಮೆ, ಸೂರ್ಯೋದಯಕ್ಕೆ ಮೊದಲು, ಅರ್ಧ ಅಡಿ ಆಳ ನೆನೆಯುವಂತೆ ಹಾಯಿಸತಕ್ಕುದು. ಕುಂಡಗಳ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲದಿದ್ದರೆ ಡೆಂಗಿಯ ಸೊಳ್ಳೆ ಅಲ್ಲಿ ಸಂಸಾರ ಹೂಡುವುದು. ಸತ್ತ ಗಿಡದ ಜಾಗದಲ್ಲಿ ಆ ಬೇಸಗೆಯಲ್ಲಿಯೇ ಇನ್ನೊಂದನ್ನು ನೆಡುವುದು ಬೇಡ. ಅಲ್ಲಿ ಅಗೆದು ಕೆಳಗೇನಿರುವುದೆಂದು ನೋಡಿ, ಮುಂದಿನ ರೋಹಿಣಿಯವರೆಗೆ ತಡೆದು, ಅಷ್ಟಗಲಕ್ಕೆ ಮತ್ತೊಮ್ಮೆ ಹುರುಳಿಯನ್ನು ಚೆಲ್ಲತಕ್ಕುದು.